ಕೂತು ನೋಡುವ ಕೆಲಸ

ಕೂತು ನೋಡದೆ ಕುರ್ಚಿ ರಿಪೇರಿ ಆಗಲ್ಲ ಮೇಡಮ್. ಅಷ್ಟೇ. ಒಂದೇ ಮಾತು. ಬೆಳಿಗ್ಗೆ ಬಚ್ಚಲಲ್ಲಿ ತಲೆ ಮೇಲೆ ನೀರು ಸುರಿದುಕೊಳ್ಳುತ್ತಾ ಈರೇಶ ಇದನ್ನು ಮೆಲ್ಲಗೆ ಹೇಳಿ ನೋಡಿದ. ಕನ್ನಡಿ ಮುಂದೆ ಸ್ವಲ್ಪ ಗಟ್ಟಿಯಾಗಿ. ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಹಲ್ಲು ಕಚ್ಚಿ. ಒಂದೊಂದು ಸಲ ಒಂದೊಂದು ಥರ ಕೇಳಿಸಿತು. ಒಮ್ಮೆ ಬೇಡಿಕೊಂಡ ಹಾಗೆ, ಒಮ್ಮೆ ಕೆನ್ನೆಗೆ ಬಾರಿಸಿದ ಹಾಗೆ. ಬಾರಿಸಿದ ಹಾಗೆ ಕೇಳಿಸಿದ್ದೇ ಅವನಿಗೆ ಇಷ್ಟವಾಯಿತು, ಅದನ್ನೇ ಇಟ್ಟುಕೊಂಡ. ರಾಮಮೂರ್ತಿ ನಗರದ ಆ ಎರಡನೇ ಮಹಡಿಯ ಬಾಡಿಗೆ ಕೋಣೆಯಲ್ಲಿ ಬಚ್ಚಲಿಗೂ ಒಲೆಗೂ ನಡುವೆ ಒಂದು ಪರದೆ ಅಷ್ಟೇ, ಆ ಕಡೆ ರೊಟ್ಟಿ ಬಡಿಯುತ್ತಿದ್ದ ಅವ್ವ ಜಟ್ಟೆಮ್ಮ, "ಯಾರ ಕೂಡ ಜಗಳಾಡಕತ್ತೀ ನಸುಕಿನ್ಯಾಗ?" ಅಂದಳು. "ಯಾರ ಜೊತೆಗೂ ಇಲ್ಲ." "ಮತ್ತ ಒಬ್ಬನೇ ಬಾಯಿ ಅಲ್ಲಾಡಸಕತ್ತೀಯಲ್ಲ. ಉಂಡು ಹೋಗು, ಖಾಲಿ ಹೊಟ್ಟೀಲೆ ಬೈಯಬಾರದು, ಸರಿಯಾಗಿ ಬರಂಗಿಲ್ಲ." ಅವನು ಉಣ್ಣಲಿಲ್ಲ. ಹಸಿವಿದ್ದರೆ ಸಿಟ್ಟು ಚೂಪಾಗಿರುತ್ತದೆ ಅನ್ನುವುದು ಅವನ ಲೆಕ್ಕ.

ನಿನ್ನೆ ಸಂಜೆ ಹೇಮಶ್ರೀ ಮೇಡಮ್ ಮೊಬೈಲಿಗೆ ಒಂದು ಫೋಟೊ ಕಳಿಸಿದ್ದರು. ದೊಡ್ಡನೆಕ್ಕುಂದಿಯ ಒಂದು ಗಾಜಿನ ಕಟ್ಟಡದಲ್ಲಿ ಅವರು ಅಡ್ಮಿನ್ನು. ಕುರ್ಚಿ, ಟ್ಯೂಬ್‌ಲೈಟು, ಕಾಫಿ ಮೆಷಿನ್ನು, ಕೈ ಒರೆಸುವ ಕಾಗದ, ಎಲ್ಲಾ ಅವರ ಕೈಕೆಳಗೆ. ಫೋಟೊದಲ್ಲಿ ನಾಲ್ಕನೇ ಮಹಡಿ, ಕಿಟಕಿ ಪಕ್ಕ, ಯಾರೋ ದೊಡ್ಡವರದೊಂದು ಎತ್ತರದ ಬೆನ್ನಿನ ಕಪ್ಪು ಕುರ್ಚಿ. ಅದರಲ್ಲಿ ಮುನಾವರ್. ಎರಡೂ ಕೈ ಹಿಡಿಕೆಯ ಮೇಲೆ, ತಲೆ ಹಿಂದಕ್ಕೆ, ಕಣ್ಣು ಮುಚ್ಚಿದೆ. ಕೆಳಗೆ ಒಂದು ಸಾಲು: ನಿಮ್ಮ ಹುಡುಗ ಡ್ಯೂಟಿ ಟೈಮಲ್ಲಿ ನಿದ್ದೆ, ಕಂಪ್ಲೇಂಟ್ ಬಂದಿದೆ, ನಾಳೆ ಹನ್ನೆರಡಕ್ಕೆ ಬಂದು ಮಾತಾಡಿ. ಹುಡುಗ! ಮುನಾವರನಿಗೆ ಮೂವತ್ತೇಳು. ಈರೇಶನಿಗಿಂತ ಎಂಟು ವರ್ಷ ದೊಡ್ಡವನು, ತೂಬಾ ಅಂತ ಆರನೇ ಕ್ಲಾಸಿನ ಮಗಳಿದ್ದಾಳೆ, ಕಿವಿಯ ಪಕ್ಕ ನರೆ ಬಂದಿದೆ. ಫೋಟೊ ತೆಗೆದವನು ಯಾರೋ ಗೊತ್ತಿಲ್ಲ. ಕೊರಳಿಗೆ ಆಫೀಸಿನವರ ನೀಲಿ ಪಟ್ಟಿ ಹಾಕಿಕೊಂಡು ಯಾರೋ ಕಂಬದ ಹಿಂದೆ ನಿಂತು, ಉಸಿರು ಬಿಗಿ ಹಿಡಿದು, ಹಕ್ಕಿ ಫೋಟೊ ತೆಗೆಯುವವನ ಹಾಗೆ ತೆಗೆದಿರಬೇಕು. ಎದುರಿಗೆ ಬಂದು ಏಳಪ್ಪಾ ಅನ್ನೋ ಧೈರ್ಯ ಇಲ್ಲ ಬೋಳಿಮಕ್ಕಳಿಗೆ.

ಅದು ನಿದ್ದೆ ಅಲ್ಲ. ಸ್ಕೂಟರಿನಲ್ಲಿ ಕಸ್ತೂರಿ ನಗರ ದಾಟುವಷ್ಟರಲ್ಲಿ ಈರೇಶನ ಸೊಂಟಕ್ಕೇ ಅದು ನೆನಪಾಯಿತು, ತಲೆಗಿಂತ ಮೊದಲು. ರಸೆಲ್ ಮಾರ್ಕೆಟ್ಟಿನ ಹಿಂದಿನ ಓಣಿ, ತೆಂಗಿನ ನಾರಿನ ಧೂಳು, ಫೆವಿಕಾಲಿನ ವಾಸನೆ, ಮುನಾವರನ ಅಪ್ಪನ ಸೋಫಾ ಅಂಗಡಿ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಗಾರೆ ಕೆಲಸ, ಲೋಡಿಂಗು ಅಂತ ಅಲೆದು ಹದಿನೇಳಕ್ಕೆ ಈರೇಶ ಆ ಅಂಗಡಿಗೆ ತಲೆ ಮೇಲೆ ಒಂದು ಸೋಫಾ ಹೊತ್ತುಕೊಂಡು ಬಂದಿದ್ದ. ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದವನಿಗೆ ಮುನಾವರ್, ಬಾಯ್ತುಂಬಾ ಸಣ್ಣ ಮೊಳೆ ಕಚ್ಚಿಕೊಂಡೇ, "ಕೂತ್ಕೋ" ಅಂದ. ಯಾರಿಗೋ ಹೇಳಿದ್ದು ಅಂತ ಈರೇಶ ಹಿಂದೆ ತಿರುಗಿ ನೋಡಿದ. "ನಿನಗೇ. ಅದ್ರಲ್ಲಿ ಕೂತ್ಕೋ. ಕಣ್ಣು ಮುಚ್ಚು. ಎಲ್ಲಿ ತಗ್ಗು, ಹೇಳು." ಯಾರೂ ಅದುವರೆಗೆ ಅವನನ್ನು ಏನನ್ನೂ ಕೇಳಿರಲಿಲ್ಲ. ಶಾಲೆಯಲ್ಲಿ ಅವನನ್ನು ಕೂರಿಸಿದ್ದಕ್ಕಿಂತ ಬೆಂಚಿನ ಮೇಲೆ ನಿಲ್ಲಿಸಿದ್ದೇ ಹೆಚ್ಚು. "ಎಡಗಡೆ, ಹಿಂದೆ," ಅಂದಿದ್ದ, ಹೆದರಿಕೊಂಡು. ಮುನಾವರ್ ಮೊಳೆಗಳನ್ನು ಅಂಗೈಗೆ ಉಗಿದು ನಕ್ಕ. "ಕ್ಯಾ ರೇ, ನನಗಿಂತ ಚೆನ್ನಾಗಿದೆ ನಿನ್ನ ಸೊಂಟ. ನೋಡು, ಕಣ್ಣು ಬಣ್ಣ ನೋಡುತ್ತೆ, ಹೊಲಿಗೆ ನೋಡುತ್ತೆ, ನೋಡಿ ಮೋಸ ಹೋಗುತ್ತೆ. ಕಣ್ಣು ಮುಚ್ಚಿದ್ರೆ ಬೆನ್ನು ಮಾತಾಡುತ್ತೆ. ನಾವು ಮೊದಲು ಕೂತು ನೋಡ್ದೆ ಯಾರಿಗೂ ಕೊಡಲ್ಲ." ಒಳಗಿಂದ ಅವನ ತಾಯಿ ಉಮ್ಮೆ ಕುಲ್ಸುಂ ಎರಡು ಲೋಟ ಚಹಾ ಕಳಿಸಿದ್ದರು. ಎರಡನೇದು ಯಾರಿಗೆ ಅಂತಲೂ ಈರೇಶನಿಗೆ ತಕ್ಷಣ ಹೊಳೆದಿರಲಿಲ್ಲ.

ಟಿನ್ ಫ್ಯಾಕ್ಟರಿ ಹತ್ತಿರ ಎಲ್ಲಾ ನಿಂತಿತ್ತು. ಮೇಲೆ ಮೆಟ್ರೊ, ಕೆಳಗೆ ಬಸ್ಸುಗಳು ಒಂದರ ಹಿಂದೆ ಒಂದು ಮೂತಿ ಇಟ್ಟುಕೊಂಡು ಹೊಗೆ ಬಿಡುತ್ತಿದ್ದವು. ಅವನು ಹೆಲ್ಮೆಟ್ಟಿನೊಳಗೆ ಇನ್ನೊಂದು ಸಲ ಹೇಳಿಕೊಂಡ: ಕೂತು ನೋಡದೆ ಕುರ್ಚಿ ರಿಪೇರಿ ಆಗಲ್ಲ ಮೇಡಮ್. ಪಕ್ಕದ ಆಟೊದವನು ತಿರುಗಿ ನೋಡಿದ. ನೋಡಲಿ. ಇಷ್ಟಕ್ಕೂ ತಾನೇನು ತಪ್ಪು ಮಾಡಿದ್ದೇನೆ? ಇದು ಅವನು ಬಹಳ ಸಲ ಕೇಳಿಕೊಂಡ ಪ್ರಶ್ನೆ, ಉತ್ತರವನ್ನೂ ಬಹಳ ಸಲ ಕೊಟ್ಟುಕೊಂಡಿದ್ದ. ಓಣಿಯ ಕಟ್ಟಡ ಕೆಡವಿದ ಮೇಲೆ ಮುನಾವರನಿಗೆ ಅಂಗಡಿ ಇಲ್ಲ, ಒಂದು ಚೀಲ ಸಾಮಾನು ಹೆಗಲಿಗೆ ಹಾಕಿಕೊಂಡು ಮನೆ ಮನೆ ತಿರುಗುತ್ತಿದ್ದ. ಇಂದಿರಾನಗರದಲ್ಲಿ ಯಾರದೋ ಸೋಫಾ ರಿಪೇರಿ ಮಾಡಿದಾಗ ಆ ಮನೆಯವರು, ನಮ್ಮ ಆಫೀಸಿನಲ್ಲಿ ಆರುನೂರು ಕುರ್ಚಿ ಇದೆ, ಮಾಡ್ತೀಯಾ, ಆದರೆ ಕಂಪನಿ ಇದ್ದರೆ ಮಾತ್ರ, ಒಬ್ಬೊಬ್ಬರಿಗೆ ಕೊಡಲ್ಲ ಅಂದರಂತೆ. ಹಲಸೂರಿನ ಒಂದು ಚಹಾದಂಗಡಿ ಮುಂದೆ ನಿಂತು ಮುನಾವರ್ ಕೇಳಿದ್ದ: "ಕೆಲಸ ಹುಡುಕಿದ್ದು ನಾನು, ಮಾಡೋದು ನಾನು. ಕಂಪನಿ ಮಾತ್ರ ನಂದಿಲ್ಲ. ನಿಂದು ಸ್ವಲ್ಪ ಬಾಡಿಗೆಗೆ ಕೊಡ್ತೀಯಾ ಮಗಾ?" ಬಾಡಿಗೆ ಅಂದಿದ್ದಕ್ಕೆ ಈರೇಶನಿಗೆ ಸಿಟ್ಟೇ ಬಂದಿತ್ತು. "ಬಾಡಿಗೆ ಏನೋ ಬಾಡಿಗೆ? ತಗೋ, ಇಟ್ಕೋ. ನನ್ನ ಕಂಪನಿ ಅಂದ್ರೆ ನಿಂದಲ್ವಾ?" ಅಂದಿದ್ದ, ಇಡೀ ಹಲಸೂರಿಗೆ ಕೇಳುವ ಹಾಗೆ. ಬಂದ ಹಣದಲ್ಲಿ ಸರ್ಕಾರಕ್ಕೆ ಹೋಗಬೇಕಾದ್ದು ಬಿಟ್ಟು ಒಂದು ರೂಪಾಯಿ ಮುಟ್ಟಿಲ್ಲ ಅವನು. ಒಂದು ರೂಪಾಯಿ! ಈ ಊರಲ್ಲಿ ಯಾರು ಮಾಡ್ತಾರೆ?

ಕಂಪನಿ ಅಂದರೆ ಏನು ಮಹಾ. ಜಟ್ಟಿಂಗರಾಯ ಸೀಟಿಂಗ್ ಸೊಲ್ಯೂಷನ್ಸ್ ಪ್ರೈವೇಟ್ ಲಿಮಿಟೆಡ್. ಮನೆದೇವರ ಹೆಸರು, ಮಿಕ್ಕಿದ್ದು ಆಡಿಟರ್ ಕೊಟ್ಟಿದ್ದು. ಇಬ್ಬರು ಡೈರೆಕ್ಟರ್ ಇರಲೇಬೇಕು ಅಂದಿದ್ದಕ್ಕೆ ಒಂದು ಅವನು, ಇನ್ನೊಂದು ಅವ್ವ. ಡೈರೆಕ್ಟರ್ ಜಟ್ಟೆಮ್ಮ ದಿನಾ ಹೊರಮಾವಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಐದು ಮಹಡಿ ಮೆಟ್ಟಿಲು ಗುಡಿಸುತ್ತಾಳೆ. ಅದಕ್ಕೆ ಮುನಾವರ್ ಬಿದ್ದು ಬಿದ್ದು ನಗುತ್ತಿದ್ದ. ಮನೆಗೆ ಬಂದಾಗೆಲ್ಲ ಬಾಗಿಲಲ್ಲಿ ಸಲ್ಯೂಟ್ ಹೊಡೆದು "ಬೋರ್ಡ್ ಮೀಟಿಂಗಲ್ಲಿ ಇವತ್ತು ಏನ್ ಪಲ್ಯ ಅಮ್ಮ?" ಅನ್ನುತ್ತಿದ್ದ, ಅವ್ವ, "ಬಾರಪಾ ನನ್ನಪ್ಪ, ಹೆಸರುಕಾಳು" ಅಂತ ಮೊದಲ ರೊಟ್ಟಿ ಅವನ ತಟ್ಟೆಗೇ ಹಾಕುತ್ತಿದ್ದಳು. ಆದರೆ ಆ ಗಾಜಿನ ಕಟ್ಟಡದವರ ಕಾಗದದಲ್ಲಿ, ಹೊರಗಿನವರಿಗೆ ಕೆಲಸ ವಹಿಸುವಂತಿಲ್ಲ ಅಂತ ಇತ್ತು. ಅದಕ್ಕೆ ಮುನಾವರ್ ಕಾಗದದಲ್ಲಿ ಈರೇಶನ ನೌಕರನಾದ. ಕೊರಳಿಗೆ ಕೆಂಪು ಪಟ್ಟಿ, ಬೆನ್ನ ಮೇಲೆ ಜಟ್ಟಿಂಗರಾಯ ಅಂತ ಬರೆದ ಬೂದು ಟೀ ಶರ್ಟು. ಮೊದಲ ದಿನ ಅದನ್ನು ಹಾಕಿಕೊಂಡು ಸುತ್ತ ತಿರುಗಿ ತೋರಿಸಿ, "ಹೆಂಗಿದೀನಿ ಸರ್?" ಅಂದಿದ್ದ. ಇಬ್ಬರೂ ನಕ್ಕಿದ್ದರು. ಆಗ ಅದು ತಮಾಷೆಯಾಗಿತ್ತು.

ಗೇಟಿನಲ್ಲಿ ಸೆಕ್ಯುರಿಟಿಯವನು ಅವನ ಚೀಲಕ್ಕೆ ಕೈ ಹಾಕಿ ಒಂದು ನೀರಿನ ಬಾಟಲಿ, ಒಂದು ಫೈಲು ತೆಗೆದು ಮತ್ತೆ ಹಾಕಿದ. ನೀಲಿ ಪಟ್ಟಿಯವರು ಪಕ್ಕದಲ್ಲೇ ಬೀಪ್ ಅನ್ನಿಸಿಕೊಂಡು ಒಳಗೆ ಹೋಗುತ್ತಿದ್ದರು, ಅವರ ಚೀಲದಲ್ಲಿ ಬಾಂಬಿದ್ದರೂ ಅದು ಒಳ್ಳೇ ಬಾಂಬು. ಆರನೇ ಮಹಡಿಯಲ್ಲಿ ಹೇಮಶ್ರೀ ಮೇಡಮ್ಮಿನ ಗಾಜಿನ ಕೋಣೆಯ ಹೊರಗೆ ಮುನಾವರ್ ಆಗಲೇ ಬಂದು ಗೋಡೆಗೆ ಒರಗದೆ ನಿಂತಿದ್ದ. ಅಲ್ಲಿ ಎರಡು ಕುರ್ಚಿ ಖಾಲಿ ಇದ್ದವು. ಎರಡನ್ನೂ ಹೋದ ತಿಂಗಳು ಅವನೇ ರಿಪೇರಿ ಮಾಡಿದ್ದ. "ಎಷ್ಟೊತ್ತಾಯ್ತು ಬಂದು?" "ಒಂಬತ್ತಕ್ಕೆ ಬಂದೆ. ಕೆಲಸ ಮುಟ್ಟಬೇಡ, ಮಾತಾಡೋವರೆಗೆ ಇಲ್ಲೇ ನಿಂತಿರು ಅಂದ್ರು." "ಮೂರು ಗಂಟೆ ಹೊತ್ತಿಂದ ನಿಂತಿದೀಯಾ?" "ಬಿಡು. ನೀನು ಹೇಳ್ತೀಯಲ್ಲ ಅವರಿಗೆ?" "ನೀನು ನೋಡ್ತಿರು," ಅಂದ ಈರೇಶ, "ಇವತ್ತು ಹೆಂಗೆ ಹೇಳ್ತೀನಿ ಅಂತ." ನಿಜವಾಗಿ ಅವನಿಗೆ ಆ ಗಳಿಗೆಯಲ್ಲಿ ಖುಷಿಯಾಗಿತ್ತು. ಮೈಯಲ್ಲಿ ಸಿಟ್ಟು ಸರಿಯಾದ ಅಳತೆಗೆ ಬಂದಿತ್ತು. ಅವರು ಗದರಲಿ, ನಿಮ್ಮಂಥೋರು ಅನ್ನಲಿ, ಇಂಗ್ಲಿಷಿನಲ್ಲಿ ಏನಾದರೂ ಹೇಳಿ ಪಕ್ಕದವರ ಕಡೆ ನೋಡಿ ನಗಲಿ. ಒಂದೇ ಮಾತು, ಕೆನ್ನೆಗೆ ಬಾರಿಸಿದ ಹಾಗೆ.

"ಬನ್ನಿ ಬನ್ನಿ ಈರೇಶ್ ಅವ್ರೇ, ಟ್ರಾಫಿಕ್ ಜಾಸ್ತಿ ಇತ್ತಾ? ಪಾಪ, ಬೆವೆತಿದೀರಾ. ಕೂತ್ಕೊಳ್ಳಿ." ಹೇಮಶ್ರೀ ಮೇಡಮ್ ಎದ್ದೇ ನಿಂತಿದ್ದರು. ತಮ್ಮ ಕೈಯಾರೆ ಎಸಿ ಸ್ವಲ್ಪ ಜಾಸ್ತಿ ಮಾಡಿದರು. ಮೇಜಿನ ಈಚೆ ಒಂದೇ ಕುರ್ಚಿ ಇತ್ತು. ಅದರಲ್ಲಿ ತಾನು ಕೂತಿದ್ದೇನೆ ಅಂತ ಈರೇಶನಿಗೆ ಗೊತ್ತಾಗಿದ್ದು ಕೂತ ಮೇಲೆ. ಬೆನ್ನ ಹಿಂದೆ ಬಾಗಿಲ ಹತ್ತಿರ ಮುನಾವರ್ ನಿಂತಿದ್ದಾನೆ ಅನ್ನುವುದು ಕುತ್ತಿಗೆಗೆ ಗೊತ್ತಾಗುತ್ತಿತ್ತು. ಒಂದು ಕಾಫಿ ಬಂತು. ಬಿಳಿ ಕಪ್ಪು, ಕೆಳಗೆ ಸಾಸರು, ಸಾಸರಿನಲ್ಲಿ ಒಂದು ಬಿಸ್ಕತ್ತು. ಬೈದಿದ್ದರೆ! ಅವರು ಬೈದಿದ್ದರೆ ಅವನ ಹತ್ತಿರ ಎಲ್ಲಾ ತಯಾರಿತ್ತು. ಯಾರೋ ಅವ್ರೇ ಅಂದು, ಪಾಪ ಅಂದು, ಸಕ್ಕರೆ ಸಾಕಾ ಅಂತ ಕೇಳಿದರೆ ಏನು ಮಾಡಬೇಕು ಅನ್ನುವುದನ್ನು ಅವನು ಬಚ್ಚಲಲ್ಲಿ ಕಲಿತಿರಲಿಲ್ಲ. "ನೋಡಿ, ಪರ್ಸನಲ್ ಆಗಿ ನನಗೇನೂ ಇಲ್ಲ. ನಿಮ್ಮ ಕೆಲಸ ಚೆನ್ನಾಗಿದೆ, ನಾನೇ ಎಲ್ಲರ ಹತ್ರ ಹೇಳ್ತಿರ್ತೀನಿ. ಆದ್ರೆ ಮೇಲ್ನೋರಿಗೆ ಮೇಲ್ ಹೋಗಿಬಿಟ್ಟಿದೆ. ನೀವೇ ನೋಡಿ." ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದರು. ಫೋಟೊ ಈಗ ಎರಡು ಅಡಿ ದೊಡ್ಡದಾಗಿತ್ತು. ಮುನಾವರನ ತೆರೆದ ಬಾಯಿ, ಮೇಲೆತ್ತಿದ ಗದ್ದ, ಗಂಟಲಿನ ಉಬ್ಬು. "ಎಷ್ಟು ಆರಾಮಾಗಿ ಮಲಗಿದಾರೆ ನೋಡಿ," ಅಂತ ಅವರು ನಕ್ಕರು. ಕೆಟ್ಟ ನಗು ಅಲ್ಲ. ಮನೆಯವರ ಹಾಗೆ ನಕ್ಕರು. ಈರೇಶನೂ ನಕ್ಕ.

ಎಷ್ಟು ನಕ್ಕೆ? ಆಮೇಲೆ ಅವನು ಅಳೆಯಲು ನೋಡಿದ. ಶಬ್ದ ಬಂದಿತ್ತಾ? ಹಲ್ಲು ಕಂಡಿತ್ತಾ? ಮೂಗಿನಿಂದ ಸ್ವಲ್ಪ ಗಾಳಿ ಬಂದಿತ್ತು, ಭುಜ ಒಂದು ಸಲ ಅಲ್ಲಾಡಿತ್ತು. ಹಿಂದಿನಿಂದ ನೋಡುವವರಿಗೆ ಭುಜ ಅಲ್ಲಾಡಿದ್ದೇ ಕಾಣುವುದು.

"ಇವ್ರು ನಿಮ್ಮ ಎಂಪ್ಲಾಯೀನೇ ತಾನೆ? ಹೊರಗಿನೋರಲ್ವಲ್ಲ? ಸುಮ್ನೆ ಕೇಳ್ದೆ, ಹೊರಗಿನೋರಾದ್ರೆ ದೊಡ್ಡ ತಲೆನೋವು, ನಿಮ್ಮ ವೆಂಡರ್ ಕೋಡೇ ಹೋಗುತ್ತೆ." ಕೆಲಸ ಕೊಡಬಹುದಾದವರ ಪಟ್ಟಿಯಲ್ಲಿನ ನಂಬರು ಅದು, ಅದಕ್ಕೆ ಅವನು ಎರಡು ವರ್ಷ ಅಲೆದಿದ್ದ. ಅದರ ಮೇಲೆ ಮುನಾವರನ ಕುರ್ಚಿಗಳು ಮಾತ್ರ ಅಲ್ಲ, ಬೇರೆ ಮೂರು ಆಫೀಸುಗಳಲ್ಲಿ ಅವನ ಸ್ವಂತ ಕೆಲಸ ನಡೆಯುತ್ತಿತ್ತು. ಇಲ್ಲಿ ಹೋದರೆ ಅಲ್ಲೂ ಕೇಳುತ್ತಾರೆ. "ಇಲ್ಲ ಮೇಡಮ್, ನಮ್ಮ ಹುಡುಗಾನೇ," ಅಂದ. ಮಾತು ತಾನಾಗಿ ಬಂತು, ನಾಲಿಗೆಯ ತುದಿಯಲ್ಲೇ ಇತ್ತು. ಎಲ್ಲಾ ಕಂಟ್ರಾಕ್ಟರುಗಳೂ ಹಾಗೇ ಅನ್ನುವುದು. ಅಪ್ಪನ ವಯಸ್ಸಿನ ಪೇಂಟರೂ ಹುಡುಗನೇ. "ಹಾಗಾದ್ರೆ ಸರಿ ಬಿಡಿ," ಅಂದರು ಅವರು. ಆಗ ಹಿಂದಿನಿಂದ ಮುನಾವರನ ದನಿ ಬಂತು, ಗಟ್ಟಿಯಾಗಿ ಅಲ್ಲ. "ಮೇಡಮ್, ಅದು ನಿದ್ದೆ ಅಲ್ಲ. ಕೂತು ನೋಡ್ದೆ—"

"ನೀನು ಸುಮ್ನಿರು," ಅಂದ ಈರೇಶ. ತಿರುಗದೇ ಅಂದ. "ನಾನು ಮಾತಾಡ್ತಿದೀನಲ್ಲ?"

ಯಾಕೆ ಅಂದೆ ಅಂತ ಅವನಿಗೆ ಎಷ್ಟು ಯೋಚಿಸಿದರೂ ಸರಿಯಾಗಿ ಹಿಡಿಯಲಾಗಲಿಲ್ಲ. ಅದು ತನ್ನ ಮಾತು, ಬೆಳಗಿನಿಂದ ತಾನು ಹದ ಮಾಡಿ ಇಟ್ಟುಕೊಂಡಿದ್ದ ಮಾತು, ಅದನ್ನು ಇವನು ಬಾಗಿಲ ಹತ್ತಿರ ನಿಂತು ಇಷ್ಟು ಮೆತ್ತಗೆ ಆಡಿಬಿಡುತ್ತಿದ್ದಾನಲ್ಲ ಅಂತಲೋ. ಇವನು ಬಾಯಿ ಬಿಟ್ಟರೆ ಕೆಲಸ ಗೊತ್ತಿರುವ ಉಸ್ತಾದ ಇವನು, ಹುಡುಗ ಅಲ್ಲ ಅಂತ ಆಕೆಗೆ ಗೊತ್ತಾಗಿ ಎಲ್ಲಾ ಬಿಚ್ಚಿಕೊಳ್ಳುತ್ತೆ ಅಂತಲೋ. ಅಥವಾ ಇವೆರಡೂ ಅಲ್ಲವೇನೋ. ಆ ಕುರ್ಚಿ, ಆ ಬಿಳಿ ಕಪ್ಪು, ಅವ್ರೇ ಅನ್ನಿಸಿಕೊಂಡ ಕಿವಿ, ಇವೆಲ್ಲ ಸೇರಿ ಅವನ ಬಾಯಿಂದ ತಾವೇ ಮಾತಾಡಿದವೇನೋ. ಇನ್ನು ಈರೇಶ ಆ ಒಂದು ಮಾತನ್ನು ಹೇಳಬೇಕಿತ್ತು. ಜಾಗ ಖಾಲಿ ಮಾಡಿಸಿಕೊಂಡಿದ್ದನಲ್ಲ, ಹೇಳಬೇಕಿತ್ತು. ಹೇಮಶ್ರೀ ಮೇಡಮ್ ಕಾದರು ಕೂಡ, ಎರಡು ಉಸಿರಿನಷ್ಟು. "ಗೊತ್ತಾಗಿಲ್ಲ ಮೇಡಮ್ ಅವನಿಗೆ," ಅಂದ. "ಇನ್ಮೇಲೆ ಆಗಲ್ಲ."

"ಅಷ್ಟು ಬರೆದುಕೊಟ್ಬಿಡಿ, ಕ್ಲೋಸ್ ಮಾಡ್ತೀನಿ. ಕನ್ನಡದಲ್ಲೇ ಬರೀರಿ, ಪರವಾಗಿಲ್ಲ." ಫೈಲಿನಿಂದ ಕಂಪನಿಯ ಹೆಸರಿದ್ದ ಹಾಳೆ ತೆಗೆದ. ಅವರು ಹೇಳುತ್ತಾ ಹೋದರು, ಅವನು ಬರೆಯುತ್ತಾ ಹೋದ. ನಮ್ಮ ಸಂಸ್ಥೆಯ ನೌಕರನಾದ ಮುನಾವರ್ ಎಂಬಾತನು. "ಡ್ಯೂಟಿ ಸಮಯದಲ್ಲಿ ನಿದ್ರಿಸುತ್ತಿದ್ದುದು ಅಂತ ಹಾಕಿ." ಪೆನ್ನು ನಿಂತಿತು. "ಕೂತಿದ್ದ ಅಂತ ಹಾಕಲಾ ಮೇಡಮ್?" "ಕಂಪ್ಲೇಂಟಲ್ಲಿ ಸ್ಲೀಪಿಂಗ್ ಅಂತಿದೆಯಲ್ಲ, ಎರಡೂ ಒಂದೇ ಥರ ಇರ್ಬೇಕು. ಇಲ್ಲಾಂದ್ರೆ ಮತ್ತೆ ಕೇಳ್ತಾರೆ." ನಿದ್ರಿಸುತ್ತಿದ್ದುದು ನಮ್ಮ ಗಮನಕ್ಕೆ ಬಂದಿದ್ದು, ಆತನಿಗೆ ಕಠಿಣ ಎಚ್ಚರಿಕೆ ನೀಡಲಾಗಿದೆ. ಇನ್ನು ಮುಂದೆ ನಮ್ಮ ಕೆಲಸಗಾರರು ಯಾವುದೇ ಕುರ್ಚಿಯ ಮೇಲೆ ಕುಳಿತುಕೊಳ್ಳುವುದಿಲ್ಲ. ಕುರ್ಚಿ ರಿಪೇರಿ ಮಾಡುವ ಕಂಪನಿ ಬರೆದುಕೊಡುವ ಮಾತು! ಅವನಿಗೆ ನಗು ಬರಬೇಕಿತ್ತು. ಶಾಲೆ ಬಿಟ್ಟಿದ್ದರೂ ಅವನ ಅಕ್ಷರ ದುಂಡಗೆ, ಒಂದೇ ಸಾಲಿಗೆ ಇತ್ತು; "ಅಬ್ಬಾ ಎಷ್ಟು ಚೆನ್ನಾಗಿದೆ ನಿಮ್ಮ ರೈಟಿಂಗ್," ಅಂದರು ಮೇಡಮ್. ಕೆಳಗೆ ಡೈರೆಕ್ಟರ್ ಅಂತ ಸಹಿ ಹಾಕಿ ಸೀಲು ಒತ್ತಿದ. ಮುನಾವರ್ ಮುಂದೆ ಬಂದು ಬಗ್ಗಿ, ಮೇಜಿನ ಅಂಚಿನಲ್ಲಿ, ಓದದೇ, ತನ್ನ ಹೆಸರು ಬರೆದ. ಓದುವುದಕ್ಕೇನಿತ್ತು, ಎಲ್ಲಾ ಕೇಳಿಸಿತ್ತು. ಪೆನ್ನಿನ ಕ್ಯಾಪು ಹಾಕಿ, ಅದನ್ನು ಈರೇಶನ ಕೈಗೆ ಕೊಡದೆ ಕಾಗದದ ಮೇಲೆ ಇಟ್ಟ. ಗೋಡೆಯ ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಇವತ್ತು ಶುಕ್ರವಾರ ಅಂತ ಈರೇಶನಿಗೆ ಆಗ ಹೊಳೆಯಿತು. ಪ್ರತಿ ಶುಕ್ರವಾರ ಒಂದು ಗಂಟೆಗೆ ಮುನಾವರ್ ಕೆಲಸ ನಿಲ್ಲಿಸಿ ಕೈಕಾಲು ತೊಳೆದು ನಮಾಜಿಗೆ ಹೋಗುತ್ತಿದ್ದ, ಅಂಗಡಿಯಿದ್ದಾಗಿನಿಂದಲೂ. ಇವತ್ತು ಆ ಹೊತ್ತಿನಲ್ಲಿ ಅವನು ನಿಂತೇ ಇದ್ದ.

ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಇಬ್ಬರೇ. ನಾಲ್ಕು ಕಡೆ ರಟ್ಟು ಅಂಟಿಸಿದ್ದರು, ಗೋಡೆಗೆ ಗೀರು ಬೀಳಬಾರದು ಅಂತ. "ಕಾಫಿ ಚೆನ್ನಾಗಿತ್ತಾ?" ಅಂದ ಮುನಾವರ್. ಈರೇಶ ಒಮ್ಮೆಲೇ ಶುರು ಮಾಡಿದ. "ನೋಡು ಮಗಾ, ಕೋಡ್ ಹೋಗಿದ್ರೆ ನಿನಗೂ ಇಲ್ಲ ನನಗೂ ಇಲ್ಲ. ಅಲ್ಲಿ ಜಗಳಾಡಿ ಏನ್ ಸಿಗ್ತಿತ್ತು? ಒಂದು ಕಾಗದ ಅಷ್ಟೇ, ನಾಳೆ ಯಾರೂ ನೋಡಲ್ಲ ಅದನ್ನ. ನಾನು ನಿನ್ನ ಹತ್ರ ಒಂದು ರೂಪಾಯಿ ತಗೊಂಡಿದೀನಾ, ಹೇಳು? ತಗೊಂಡಿದೀನಾ?" "ಇಲ್ಲ." "ಮತ್ತೆ?" "ಮತ್ತೇನಿಲ್ಲ." "ಬೈಯೋದಾದ್ರೆ ಬೈದ್ಬಿಡು. ಎರಡು ಬಾರಿಸು ಬೇಕಾದ್ರೆ." "ಯಾಕೆ ಬೈಲಿ? ಕಂಪನಿ ನಿಂದು." ಲಿಫ್ಟು ನಿಂತಿತು. ಬಾಗಿಲು ತೆರೆಯುವ ಮೊದಲು ಮುನಾವರ್, ಹವಾಮಾನ ಹೇಳುವವನ ಹಾಗೆ, "ನಾಳೆಯಿಂದ ನಾನು ಬರಲ್ಲ ಈರೇಶ. ಹದಿನಾಲ್ಕು ಕುರ್ಚಿ ಉಳಿದಿದೆ, ಬಿಚ್ಚಿಟ್ಟಿದೀನಿ, ಅಷ್ಟು ಮುಗಿಸಿ ಹೋಗ್ತೀನಿ. ಅರ್ಧಕ್ಕೆ ಬಿಡೋದು ನಕ್ಕೊ, ಬೇಡ," ಅಂದ. "ಎಲ್ಲಿಗೆ ಹೋಗ್ತೀಯ?" "ನೋಡ್ತೀನಿ." "ಆರುನೂರಲ್ಲಿ ಇನ್ನೂ ಅರ್ಧ ಇದೆಯಲ್ಲೋ!" "ನಿನ್ನ ಹುಡುಗ್ರಿದಾರಲ್ಲ." ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದದ್ದನ್ನು ಹೇಳಿದ್ದ, ಅಷ್ಟೇ.

ನಾಲ್ಕನೇ ಮಹಡಿಯ ಅರ್ಧ ಖಾಲಿ. ಶುಕ್ರವಾರ ಬಹಳ ಜನ ಮನೆಯಿಂದಲೇ ಕೆಲಸ ಮಾಡುವುದು. ಸಾಲು ಮೇಜುಗಳು, ಯಾರದೋ ಒಣಗಿದ ಹೂಕುಂಡ, ಮೇಲೆ ಅವರಿದ್ದಲ್ಲಿ ಮಾತ್ರ ಹತ್ತಿಕೊಳ್ಳುವ ದೀಪಗಳು. ಮುನಾವರ್ ಚಾಪೆ ಹಾಸಿ, ತಿರುಗಿಸಿಟ್ಟ ಕುರ್ಚಿಗಳಿಗೆ ಒಂದೊಂದಾಗಿ ಸೀಟು ಕೂರಿಸಿದ, ಬಟ್ಟೆ ಎಳೆದು ಪಿನ್ನು ಹೊಡೆದ, ತಳದ ಬೋಲ್ಟು ಹಾಕಿದ. ಈರೇಶ ಕೈ ಹಾಕಲು ಹೋದ. "ಬೇಡ, ಅಂಗಿ ಕೊಳೆ ಆಗುತ್ತೆ" ಅಂದ ಮುನಾವರ್. ಈರೇಶ ಕಿಟಕಿಯ ಹತ್ತಿರ ಹೋಗಿ ನಿಂತ, ಫೋನು ತೆಗೆದ, ಇಟ್ಟ, ಮತ್ತೆ ಬಂದ. ಹೊರಟುಹೋಗಬಹುದಿತ್ತು. ಹೋದರೆ ಇಲ್ಲಿಗೆ ಮುಗಿಯಿತು ಅನ್ನಿಸಿ ಹೋಗಲಿಲ್ಲ. ಮೂರೂವರೆಗೆ ಹದಿನಾಲ್ಕೂ ಕುರ್ಚಿ ಒಂದು ಸಾಲಿಗೆ ನಿಂತವು. ಮುನಾವರ್ ಅಭ್ಯಾಸಬಲದಿಂದ ಮೊದಲನೇದರ ಹಿಡಿಕೆ ಹಿಡಿದು, ಕೂರಲು ಅರ್ಧ ಬಗ್ಗಿ, ಹಾಗೇ ನಿಂತ. ಸೊಂಟ ನೆಟ್ಟಗೆ ಮಾಡಿದ. "ನೀನು ಕೂತ್ಕೋ," ಅಂದ. "ಏನು?" "ಕೆಲಸಗಾರರು ಕೂರಲ್ಲ ಅಂತ ಬರೆದುಕೊಟ್ಟಿದೀಯಲ್ಲ. ಡೈರೆಕ್ಟರ್ ಕೂತ್ರೆ ಯಾರೂ ಫೋಟೊ ತೆಗೆಯಲ್ಲ. ಕೂತು ಹೇಳು."

ಕೂತ. ಕಣ್ಣು ಮುಚ್ಚಿದ. ಬಹಳ ವರ್ಷವಾಗಿತ್ತು ಹೀಗೆ ಕೂತು. ಈಚೆಗೆ ಅವನು ಬಿಲ್ಲು, ಫೋನು, ಗೇಟ್‌ಪಾಸು, ಇವುಗಳಲ್ಲೇ ಇದ್ದ. ಆದರೂ ತಕ್ಷಣ ಗೊತ್ತಾಯಿತು. ಎಡಗಡೆ ಮುಂದೆ ಒಂದು ಕೂದಲೆಳೆಯಷ್ಟು ಇಳಿದಿದೆ. ಹೇಳಬೇಕು. ಹೇಳಿದರೆ ಏನಾಗುತ್ತೆ ಅನ್ನುವುದೂ ಗೊತ್ತಾಯಿತು: ಮುನಾವರ್ ಸ್ಪ್ಯಾನರ್ ಹಿಡಿದು ಅವನ ಕಾಲ ಹತ್ತಿರ ಮಂಡಿಯೂರುತ್ತಾನೆ. ಖಾಲಿ ಕುರ್ಚಿಯ ಬೋಲ್ಟು ಬಿಗಿ ಮಾಡಿದರೆ ಪ್ರಯೋಜನವಿಲ್ಲ, ಭಾರ ಮೇಲಿರುವಾಗಲೇ ಮಾಡಬೇಕು. "ಸರಿ ಇದೆ," ಅಂದ. ಎರಡನೇದು ಹಿಂದಕ್ಕೆ ಜಾಸ್ತಿ ಬೀಳುತ್ತಿತ್ತು. "ಸರಿ ಇದೆ." ಮೂರನೇದು ಕೂತ ಕೂಡಲೇ ಕಟಕ್ ಅಂದಿತು, ಅವನು ಕೆಮ್ಮಿದ. "ಸರಿ ಇದೆ." ನಾಲ್ಕು, ಐದು, ಆರು. ಮುನಾವರ್ ಪ್ರತಿ ಸಲ ತಲೆಯಾಡಿಸಿ ಕುರ್ಚಿಯನ್ನು ಆಚೆ ತಳ್ಳುತ್ತಿದ್ದ. ಏಳನೇದಕ್ಕೆ ತಳ್ಳಲಿಲ್ಲ. "ಏಳೂ ಸರಿ ಇದ್ಯಾ?" "ಹ್ಞೂ." "ಮೂರನೇದಕ್ಕೆ ನಾನು ಒಂದು ಬೋಲ್ಟೇ ಹಾಕಿಲ್ಲ. ಮರೆತಿದ್ದೆ, ನೋಡು, ಇಲ್ಲಿ ಜೇಬಲ್ಲಿದೆ. ಅದೂ ಸರಿ ಇತ್ತಾ?" ಈರೇಶ ಕಣ್ಣು ಬಿಟ್ಟ. ಮುನಾವರನ ಮುಖದಲ್ಲಿ ಬೆಳಗಿನಿಂದ ಮೊದಲನೇ ಸಲ ಸಿಟ್ಟು ಕಂಡಿತು. "ಮೇಲೆ ಹೇಳಿದ್ದು ಹೇಳ್ದೆ. ಅದು ನಿನ್ನ ಕಂಪನಿ ವಿಷಯ. ಕೆಲಸದಲ್ಲಿ ಸುಳ್ಳು ಹೇಳ್ಬೇಡ. ಯಾರೋ ಇದ್ರಲ್ಲಿ ಒಂಬತ್ತು ಗಂಟೆ ಹೊತ್ತು ಕೂರ್ತಾರೆ, ಅವರ ಬೆನ್ನು ಏನ್ ಮಾಡಿದೆ ನಿನಗೆ? ಮೊದಲಿಂದ ಕೂತ್ಕೋ."

ಮೊದಲಿಂದ ಕೂತ. "ಎಡಕ್ಕೆ, ಮುಂದೆ," ಅಂದ. ಮುನಾವರ್ ಮಂಡಿಯೂರಿದ. ಅವನ ತಲೆ ಈರೇಶನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂತು. ಕೂದಲ ನಡುವೆ ನೆತ್ತಿ ಸ್ವಲ್ಪ ಬೆಳ್ಳಗೆ ಕಾಣುತ್ತಿತ್ತು, ಅದನ್ನು ಅವನು ಯಾವತ್ತೂ ಮೇಲಿನಿಂದ ನೋಡಿರಲಿಲ್ಲ. ಕೈ ಎಲ್ಲಿಡಬೇಕು ತಿಳಿಯಲಿಲ್ಲ. ಏಳಲು ಹೋದ. "ಅಲ್ಲಾಡ್ಬೇಡ," ಅಂದ ಮುನಾವರ್ ಕೆಳಗಿನಿಂದ, "ಪೂರ್ತಿ ಭಾರ ಬಿಡು." ಬಿಟ್ಟ. "ಈಗ?" "ಇನ್ನೊಂದು ಚೂರು." "ಈಗ?" "ಬಂತು." ಎರಡನೇದು. ಮೂರನೇದು. ಕಣ್ಣು ಮುಚ್ಚಿದ್ದರೆ ಸುಲಭವಾಗುತ್ತಿತ್ತು. ಬರೀ ದನಿ, ಬರೀ ಬೆನ್ನು. "ಹಿಂದೆ ಗಟ್ಟಿ." "ಬೆನ್ನಿಗಾ, ಸೊಂಟಕ್ಕಾ?" "ಸೊಂಟಕ್ಕೆ. ಬಲಗಡೆ." "ಅದು ಫೋಮು. ತಡಿ." ಎಲ್ಲೋ ಏಳೆಂಟನೇದರ ಹತ್ತಿರ ಈರೇಶ ಎಲ್ಲಾ ಮರೆತುಬಿಟ್ಟ, ನಾರಿನ ಧೂಳಿನ ವಾಸನೆಯೇ ಬಂದ ಹಾಗಾಯಿತು, "ಇದು ಯಾವನೋ ದಪ್ಪಗಿರೋನು ಕೂತು ಕೂತು ಹಾಳು ಮಾಡಿದಾನೆ ಕಣೋ" ಅಂದುಬಿಟ್ಟ, ಮುನಾವರ್ ಕೆಳಗಿನಿಂದ "ಆಸ್ತಿ ಎಲ್ಲಾ ಎಡಗಡೇನೇ ಇಟ್ಕೊಂಡಿದಾನೆ" ಅಂದ, ಇಬ್ಬರ ಉಸಿರೂ ಒಟ್ಟಿಗೆ ಸಿಡಿಯಿತು. ಆಮೇಲೆ ಮುನಾವರ್ ಮತ್ತೆ ಬೋಲ್ಟಿಗೆ ಬಗ್ಗಿದ, ಈರೇಶ ಮತ್ತೆ ಕಣ್ಣು ಮುಚ್ಚಿದ. ಅವರ ಕಡೆಯ ಒಂದು ದೀಪ ಆರಿ, ಮುನಾವರ್ ಕೈ ಬೀಸಿದ ಮೇಲೆ ಮತ್ತೆ ಹತ್ತಿಕೊಂಡಿತು.

ಹದಿನಾಲ್ಕನೇದು ಬೇಗ ಮುಗಿಯಿತು. ಬಲಕ್ಕೆ ಸ್ವಲ್ಪ ಇಳಿದಿತ್ತು, ಮುನಾವರ್ ಎರಡು ಸುತ್ತು ತಿರುಗಿಸಿದ. "ಈಗ?" ಈರೇಶ ಕಣ್ಣು ಮುಚ್ಚಿಕೊಂಡೇ ಇದ್ದ. ನೆಟ್ಟಗಿತ್ತು. ಎಷ್ಟು ನೆಟ್ಟಗಿತ್ತು ಅಂದರೆ ಕೆಳಗೆ ಕುರ್ಚಿ ಇದೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಸರಿ ಇದೆ ಅಂದರೆ ಅವನು ಎದ್ದು ನಿಲ್ಲಬೇಕು, ಮುನಾವರ್ ಚಾಪೆ ಸುತ್ತಬೇಕು, ಆ ಬೂದು ಟೀ ಶರ್ಟನ್ನು ಕಳಚಿ ಮಡಿಚಿ ಕೈಗೆ ಕೊಡಬೇಕು. ಕೆಳಗೆ, ಮಂಡಿಯ ಹತ್ತಿರ, ಉಸಿರು ಕಾಯುತ್ತಿತ್ತು.

"ಇಲ್ಲ," ಅಂದ ಈರೇಶ. "ಇನ್ನೂ ಸ್ವಲ್ಪ ವಾಲ್ತಿದೆ."

ಮುನಾವರ್ ಸ್ಪ್ಯಾನರನ್ನು ಬೋಲ್ಟಿಗೆ ಇಟ್ಟ. ತಿರುಗಿಸಲಿಲ್ಲ. ತಲೆಯೆತ್ತಿ ಅವನ ಮುಖ ನೋಡಲಿಲ್ಲ. ಪಾದಗಳನ್ನು ನೋಡಿದ, ಸೊಂಟವನ್ನು ನೋಡಿದ, ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದ್ದ ಎರಡು ಕೈಗಳನ್ನು ನೋಡಿದ.

"ವಾಲ್ತಿಲ್ಲ," ಅಂದ. ಸ್ಪ್ಯಾನರನ್ನು ಒರೆಸಿ ಚೀಲಕ್ಕೆ ಹಾಕಿ ಜಿಪ್ಪು ಎಳೆದ.